ಚೌಡಿಗೆ ಇಟ್ಟ ಮೊಸರು

ಒಂದೇ ಒಂದು ಪದಕ್ಕಾಗಿ ನಾನು ಒಂದು ಇಡೀ ಊರಿನ ಜೊತೆ ಜಗಳಕ್ಕೆ ನಿಂತೆ, ಮತ್ತು ಗೆದ್ದೆ. ನಿಜ ಹೇಳಬೇಕೆಂದರೆ ಗೆದ್ದವಳು ನಾನಲ್ಲ, ನನ್ನ ತಾಯಿ. ಆದರೆ ಕಕ್ಷಿದಾರರ ಗೆಲುವನ್ನು ತಮ್ಮ ಗೆಲುವೆಂದು ಹೇಳಿಕೊಂಡು ತಿರುಗುವುದು ವಕೀಲರ ಹುಟ್ಟುಗುಣ. ಸಾಗರದ ಕೋರ್ಟಿನಲ್ಲಿ ಕೂದಲು ಹಣ್ಣಾಗುವವರೆಗೆ ವಾದ ಮಾಡಿದವಳು ನಾನು. ಬೇಲಿ ಜಗಳ, ಪಾಲಿನ ಜಗಳ, ದಾರಿ ಜಗಳ ಎಲ್ಲವನ್ನೂ ಕಂಡಿದ್ದೇನೆ. ಇಂಥ ಕೇಸು ಮಾತ್ರ ನನ್ನ ಟೇಬಲ್ಲಿಗೆ ಎಂದೂ ಬಂದಿರಲಿಲ್ಲ.

ಆಯಿಯ ತವರೂರು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಆಯಿ ಎಂದರೆ ನನ್ನ ತಾಯಿ. ನಮ್ಮ ಮನೆಮಾತಿನಲ್ಲಿ ಹಾಗೇ ಕರೆಯುವುದು; ‘ಎಂದು’ ಎನ್ನುವುದಕ್ಕೆ ನಾವು ‘ಹೇಳಿ’ ಅನ್ನುತ್ತೇವೆ, ‘ಅವರು’ ಎನ್ನುವುದಕ್ಕೆ ‘ಅವು’, ‘ನಾವು’ ಎನ್ನುವುದಕ್ಕೆ ‘ಎಂಗೊ’. ಈಗ ಅವಳು ನನ್ನ ಜೊತೆ ಸಾಗರದಲ್ಲೇ ಇದ್ದಾಳೆ. ಎಂಬತ್ತು ದಾಟಿದೆ. ಮೊಣಕಾಲು ಮಾತು ಕೇಳುವುದಿಲ್ಲ, ಬಾಯಿ ಮಾತ್ರ ಚೆನ್ನಾಗಿ ಕೇಳುತ್ತದೆ. ಆ ಊರಿನಲ್ಲಿ ಹುಟ್ಟಿದವರ ಪೈಕಿ ಇವತ್ತು ಬದುಕಿರುವವರಲ್ಲಿ ಅವಳೇ ಹಿರಿಯಳು. ಹಾಗಾಗಿ ಊರಿನವರು ಹೊಸದಾಗಿ ಸಭಾಭವನ ಕಟ್ಟಿಸಿದಾಗ, ಅದರ ಗೋಡೆಯ ಶಿಲಾಫಲಕದ ಮೇಲಿನ ಪರದೆ ಎಳೆಯುವ ಗೌರವವನ್ನು ಅವಳಿಗೇ ಕೊಟ್ಟರು. ಫಲಕದ ಮೇಲೆ ಕೆತ್ತಿಸಿದ ಸಾಲುಗಳು ಊರಿನ ವಾಟ್ಸಾಪ್ ಗುಂಪಿಗೆ ಬಂದವು.

ಆಯಿ ಊಟದ ಮೇಜಿನ ಮುಂದೆ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಖುಷಿಯಲ್ಲಿ ಗಟ್ಟಿಯಾಗಿ ಓದಿದೆ. ಊರಿನ ಹಿರಿಯರೂ ಧರ್ಮರಕ್ಷಕರೂ ಆಗಿದ್ದ ಇಂಥವರ ನೆನಪಿಗೆ ಈ ಭವನ ಎಂದಿತ್ತು.

“ಯಾರಿಗೆ? ಇನ್ನೊಂದ್ಸಲ ಓದು,” ಎಂದಳು.

“ದೊಡ್ಡಮನೆ ಅಜ್ಜಂಗೆ.”

ಸೊಪ್ಪಿನ ರಾಶಿಗೆ ದಂಟು, ದಂಟಿನ ರಾಶಿಗೆ ಸೊಪ್ಪು ಬೀಳತೊಡಗಿದ್ದನ್ನು ನಾನು ನೋಡಿದೆ. ಆಯಿ ತಲೆ ಎತ್ತದೆ ಹೇಳಿದಳು, “ಆ ಪರದೆ ನಾ ಎಳೆತ್ನಿಲ್ಲೆ.”

ಯಾಕೆ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ಕಥೆ ಗೊತ್ತಿಲ್ಲದವರು ಇಲ್ಲ.

ಆಯಿ ಇನ್ನೂ ಶಾಲೆಗೆ ಸೇರದ ಹುಡುಗಿಯಾಗಿದ್ದಾಗ ಅವಳ ಅಪ್ಪ ಜ್ವರ ಬಂದು ತೀರಿಕೊಂಡರು. ಅಜ್ಜಿಗೆ ಆಗ ತುಂಬ ಚಿಕ್ಕ ವಯಸ್ಸು. ವಿಧವೆಯ ತಲೆ ಬೋಳಿಸುವುದು ಆಗಿನ ಕಟ್ಟಳೆ. ಕರ್ಮಾಂತರಗಳು ಮುಗಿದ ಮೇಲೆ ಕ್ಷೌರದವನನ್ನು ಕರೆಸಿದರು. ಅವನು ಜಗಲಿಯ ತುದಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ಅಂಗಳದಲ್ಲಿ ಊರಿನ ಗಂಡಸರೆಲ್ಲ ನಿಂತಿದ್ದರು. ಅಜ್ಜಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳಂತೆ. “ಅವು ಹೋದದ್ದಕ್ಕೆ ನಾ ಅತ್ತಾತು. ಕೂದಲು ಎಂತ ತಪ್ಪು ಮಾಡಿದ್ದು?” ಎಂದಳಂತೆ.

ಕ್ಷೌರದವನು ಅವಳ ಮುಖ ನೋಡಿದ, ಕತ್ತಿ ಒರೆಸಿ ಚೀಲಕ್ಕೆ ಹಾಕಿದ. “ಒಲ್ಲೆ ಅಂದವ್ರ ತಲೆಗೆ ನಾ ಕೈ ಹಾಕಲ್ಲ ಅಯ್ಯಾ” ಎಂದು ಎದ್ದು ಹೋದ. ಆಮೇಲೆ ಎಷ್ಟು ಕರೆದರೂ ಅವನು ಬರಲಿಲ್ಲ. ಆ ಮನುಷ್ಯನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುವುದು ನನಗೆ ಇವತ್ತಿಗೂ ಬೇಜಾರಿನ ಸಂಗತಿ.

ದೊಡ್ಡಮನೆಯ ಅಜ್ಜ ಊರಿನ ಮುಖ್ಯಸ್ಥರು. ಅವರು ಅಲ್ಲಿಯೇ ಅಂಗಳದಲ್ಲಿ ಹೇಳಿದರು, ಈ ಮನೆಗೆ ಬಹಿಷ್ಕಾರ. ತಲೆ ಕೊಡುವವರೆಗೆ ಯಾರೂ ಹೊಸ್ತಿಲು ತುಳಿಯಬಾರದು, ಕರೆಯಬಾರದು, ಪುರೋಹಿತರು ಬರಬಾರದು, ಬೆಂಕಿ, ನೀರು, ಹಾಲು, ಮೊಸರು ಏನನ್ನೂ ಕೊಡಬಾರದು.

ಅಜ್ಜಿ ತಲೆ ಕೊಡಲಿಲ್ಲ. ಸಾಯುವವರೆಗೂ ಕೊಡಲಿಲ್ಲ. ನಾನು ನೋಡಿದ ಅಜ್ಜಿಗೆ ಸೊಂಟದವರೆಗೆ ಬೆಳ್ಳಗಿನ ಜಡೆ ಇತ್ತು. ಅದಕ್ಕೆ ಎಣ್ಣೆ ಹಚ್ಚಿ ಬಾಚುವ ಕೆಲಸಕ್ಕೆ ನಾವು ಮೊಮ್ಮಕ್ಕಳು ಕಿತ್ತಾಡುತ್ತಿದ್ದೆವು. ಬಹಿಷ್ಕಾರವನ್ನು ಯಾರೂ ತೆಗೆಯಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ತಾನಾಗಿ ಸವೆದು ಹೋಯಿತು. ಆದರೆ ಆ ಎರಡು ವರ್ಷ ಒಬ್ಬ ಸಣ್ಣ ಹುಡುಗಿಗೆ ಹೇಗೆ ಕಳೆದಿರಬೇಕು, ಯೋಚನೆ ಮಾಡಿ. ಕೊಟ್ಟಿಗೆಯಲ್ಲಿದ್ದ ಒಂದೇ ಹಸು ಬತ್ತಿಹೋಗಿತ್ತು. ಆಟಕ್ಕೆ ಕರೆದರೆ ಮಕ್ಕಳು ಓಡುತ್ತಿದ್ದರು.

ಈ ಕಥೆಯಲ್ಲಿ ಒಂದು ಸಿಹಿ ಭಾಗವೂ ಇತ್ತು. ಮನೆಯ ಬೇಲಿಗೆ ಒಂದು ದಣಪೆ, ಅಂದರೆ ಬಿದಿರು ಗಳು ಸರಿಸಿ ದಾಟುವ ಬಾಗಿಲು. ಅದರ ಹೊರಗೆ ಹಲಸಿನ ಮರ. ಸಂಜೆ ದೀಪ ಹಚ್ಚಿದ ಮೇಲೆ ಆ ಮರದ ಬುಡದಲ್ಲಿ ಒಂದು ತೆಂಗಿನ ಚಿಪ್ಪಿನ ತುಂಬ ಮೊಸರು ಇರುತ್ತಿತ್ತು. ಆಯಿ ಸದ್ದಿಲ್ಲದೆ ಹೋಗಿ ತರಬೇಕು. ಯಾರು ಇಡುತ್ತಿದ್ದರು ಎಂದು ನಾವು ಕೇಳಿದಾಗಲೆಲ್ಲ “ಯಾರೋ ಪುಣ್ಯಾತ್ಗಿತ್ತಿ” ಎಂದು ಆಯಿ ಮಾತು ಮುಗಿಸಿಬಿಡುತ್ತಿದ್ದಳು. ಅವಳಿಗೂ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ.

ಅದರಲ್ಲೂ ಅವಳಿಗೆ ಒಂದು ಸಂಕಟ ಉಳಿದುಬಿಟ್ಟಿತ್ತು. ಆ ಊರಿನಲ್ಲಿ ಒಂದು ಪದ್ಧತಿ. ಯಾರದೇ ಮನೆಯಿಂದ ಮೊಸರೋ ಹೆಪ್ಪೋ ತೆಗೆದುಕೊಂಡು ಹೊರಟರೆ, ಬಾಗಿಲಲ್ಲಿ ನಿಂತು “ತಗಂಡೆ” ಎಂದು ಕೂಗಿ ಹೇಳಬೇಕು. ಒಳಗಿನವರು “ಹ್ಞೂಂ, ತಗಂಡು ಹೋಗು” ಎನ್ನಬೇಕು. ಕೂಗದೆ ಒಯ್ದದ್ದು ಕದ್ದದ್ದಕ್ಕೆ ಸಮ. ಆಯಿ ಎರಡು ವರ್ಷ ಒಂದು ದಿನವೂ ಕೂಗಲಿಲ್ಲ. “ದಿನಾ ಕಳ್ಳಿ ಹಂಗೆ ತಂದು ಉಣ್ತಿದ್ದೆ” ಎಂದು ಈಗಲೂ ಹೇಳುತ್ತಾಳೆ, ನಗುತ್ತಲೇ ಹೇಳುತ್ತಾಳೆ, ಆದರೆ ಆ ನಗು ನನಗೆ ಇಷ್ಟವಿಲ್ಲ.

ಇಂಥವಳ ಕೈಯಲ್ಲಿ ‘ಧರ್ಮರಕ್ಷಕ’ ಎಂಬ ಕಲ್ಲಿನ ಪರದೆ ಎಳೆಸಲು ಹೊರಟಿದ್ದರು. ಅವರು ಧರ್ಮವನ್ನು ರಕ್ಷಿಸಿದರು ಎಂದಾದರೆ ಅಧರ್ಮ ಯಾರದು? ನಮ್ಮ ಅಜ್ಜಿಯದೇ ಆಯಿತಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸಮಿತಿಯ ಅಧ್ಯಕ್ಷರು ದೊಡ್ಡಮನೆ ಅಜ್ಜನ ಮೊಮ್ಮಗ. ನನಗಿಂತ ಎರಡು ಮೂರು ವರ್ಷ ಚಿಕ್ಕವರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾಗಿ ಊರಿಗೆ ಬಂದು ಕೂತಿದ್ದಾರೆ. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನ್ ಮಾಡಿ, ಕಲ್ಲಿನಿಂದ ಆ ಒಂದು ಪದ ತೆಗೆಸಿ ಎಂದೆ.

“ಅಕ್ಕಯ್ಯ, ಆ ಕಾಲ ಹಾಗಿತ್ತು,” ಎಂದರು.

ಈ ಮಾತು ಕೇಳಿದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಕಾಲ ಎನ್ನುವವನು ಯಾರೋ ಒಬ್ಬ ದೊಡ್ಡ ಯಜಮಾನ, ಅವನು ಹೇಳಿದ, ಉಳಿದವರು ಕೇಳಿದರು ಎನ್ನುವ ಹಾಗೆ ಮಾತಾಡುತ್ತಾರೆ. ಫೋನಿನಲ್ಲಿ ಮಾತು ಬೆಳೆಯಿತು. ಕೊನೆಗೆ ಅವರೇ, “ತೀರ್ಥಹಳ್ಳಿ ಮದುವೆಗೆ ಬರ್ತೀರಲ್ಲ, ಅಲ್ಲಿ ಕೂತು ಮಾತಾಡೋಣ,” ಎಂದರು. ಇಬ್ಬರಿಗೂ ನೆಂಟರಾದವರ ಮನೆಯ ಮದುವೆ ಅದು.

ತುಂಗೆಯ ದಡದ ಹತ್ತಿರದ ಕಲ್ಯಾಣ ಮಂಟಪ. ಆಯಿಯ ಮೊಣಕಾಲಿನ ದೆಸೆಯಿಂದ ನಾವು ಮೇಜಿನ ಊಟದ ಸಾಲಿನಲ್ಲಿ ಕೂತೆವು. ನನ್ನ ಎಡಕ್ಕೆ ಆಯಿ, ಎದುರಿಗೆ ಅಧ್ಯಕ್ಷರು. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲೇ ನಾನು ಶುರು ಮಾಡಿದೆ. ಅವರೂ ತಯಾರಾಗಿಯೇ ಬಂದಿದ್ದರು.

“ಮಕ್ಕಳಿಗೆ ಇತಿಹಾಸದಲ್ಲಿ ನಾನು ಮೊದಲು ಹೇಳ್ತಿದ್ದ ಮಾತೇ ಇದು ಅಕ್ಕಯ್ಯ. ಹಿಂದಿನವ್ರನ್ನ ಇವತ್ತಿನ ಅಳತೇಲಿ ಅಳೀಬಾರ್ದು. ಆಗಿನವ್ರಿಗೆ ಏನು ಗೊತ್ತಿತ್ತು, ಏನು ನಂಬಿದ್ರು, ಅದನ್ನ ನೋಡ್ಬೇಕು. ಅಜ್ಜ ಕೆಟ್ಟವರಲ್ಲ. ಶಾಲೆಗೆ ಜಾಗ ಕೊಟ್ರು. ಹಳ್ಳಕ್ಕೆ ಸಂಕ ಕಟ್ಟಿಸಿದ್ರು. ಅದಕ್ಕೆ ಮುಂಚೆ ಮಳೆಗಾಲದಲ್ಲಿ ಬಸುರಿಯರನ್ನ ದಾಟಿಸೋಕೆ ಆಗ್ತಿರ್ಲಿಲ್ಲ.”

“ಸಂಕದ ಬಗ್ಗೆ ತಕರಾರಿಲ್ಲ. ಅದನ್ನೇ ಬರೆಸಿ.”

“ನೀವು ವಕೀಲ್ರು. ನೀವೇ ಹೇಳಿ, ಇವತ್ತು ಮಾಡಿದ ಕಾನೂನನ್ನ ನಿನ್ನೆ ಮಾಡಿದ ಕೆಲಸಕ್ಕೆ ಹಾಕಿ ಶಿಕ್ಷೆ ಕೊಡೋಕೆ ಬರುತ್ತಾ?”

ಬರುವುದಿಲ್ಲ ಎಂದು ಎಷ್ಟೋ ನ್ಯಾಯಾಧೀಶರ ಮುಂದೆ ನಾನೇ ಮೇಜು ಕುಟ್ಟಿ ಹೇಳಿದ್ದೇನೆ. ನನ್ನದೇ ಕತ್ತಿ ತಂದು ನನಗೇ ತೋರಿಸಿದರು. ಒಂದು ತುತ್ತು ನುಂಗಿ ಹೇಳಿದೆ, “ಶಿಕ್ಷೆ ಯಾರು ಕೇಳಿದ್ರು? ಪ್ರಶಸ್ತಿ ಕೊಡ್ಬೇಡಿ ಅಂತಷ್ಟೇ ಕೇಳಿದ್ದು.”

“ಆ ಕಾಲದ ಲೆಕ್ಕದಲ್ಲಿ ಅದು ಧರ್ಮವೇ ಆಗಿತ್ತಲ್ಲ. ಅಜ್ಜನಿಗೆ ತಪ್ಪು ಅಂತ ಗೊತ್ತಿದ್ದೂ ಮಾಡಿದ್ರೆ ಬೇರೆ ಮಾತು. ಗೊತ್ತೇ ಇರ್ಲಿಲ್ಲ. ಇನ್ನೊಂದು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ಗದ್ದೆ ಕೆಲಸದ ಹೆಂಗಸೊಬ್ಳು ನಿಮ್ಮಜ್ಜಿಗೆ ಹಾಲು ತಂದುಕೊಟ್ಟಿದ್ಳಂತೆ. ಬೇರೆ ಜಾತಿ ಅಂತ ನಿಮ್ಮಜ್ಜಿ ಮುಟ್ಲಿಲ್ವಂತೆ. ಅದಕ್ಕೆ ಏನು ಹೇಳ್ತೀರಿ? ಆ ಕಾಲ ಹಾಗಿತ್ತು ಅಂತ ತಾನೆ?”

ಇದು ಪೆಟ್ಟು. ಸರಿಯಾದ ಜಾಗಕ್ಕೇ ಬಿತ್ತು. ಸಾರಿನವನು ಬಂದ, ಹೋದ. ಆಗ ಆಯಿ ಬಾಯಿ ಬಿಟ್ಟಳು.

“ಹೌದು ಮಾಣಿ, ಮುಟ್ಟಿದ್ದಿಲ್ಲೆ,” ಎಂದಳು. ಅರವತ್ತು ದಾಟಿದ ಅಧ್ಯಕ್ಷರು ಅವಳಿಗೆ ಇನ್ನೂ ಮಾಣಿಯೇ, ಅಂದರೆ ಹುಡುಗ. “ಚೊಂಬು ಜಗಲಿ ಮೇಲೆ ಇತ್ತು. ನಾ ಅತ್ತೆ. ಕಡಿಗೆ ಬೆಕ್ಕು ಕುಡಿತು. ನನ್ನ ಆಯಿ ಸಾಯ ತನಕ ಅದನ್ನೇ ಹೇಳಿ ಹಳಹಳಿಸ್ತಿತ್ತು. ತಪ್ಪು ಹೇಳಿ ಗೊತ್ತಿಲ್ದೇ ಹೋದ್ರೆ ಎಂತಕ್ಕೆ ಹಳಹಳಿಸ್ತಿತ್ತು? ಅದೂ ತಪ್ಪೇ. ನನ್ನ ಆಯಿಗೂ ನೀ ಆ ಪಟ್ಟ ಕೊಡದು ಬ್ಯಾಡ.”

ಅಧ್ಯಕ್ಷರು ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. ಅವರ ದನಿ ಮೆತ್ತಗಾಯಿತು. “ಹಾಗಲ್ಲ ಅತ್ತೆ. ನಮ್ಮನೇಲಿ ಧರ್ಮ ಅಂದ್ರೆ ಬರೀ ಬಾಯಿಮಾತಾಗಿರ್ಲಿಲ್ಲ ಅಂತ ಹೇಳಿದ್ದು. ಎಷ್ಟು ಕಟ್ಟುನಿಟ್ಟು ಅಂದ್ರೆ, ನಮ್ಮ ಅಮ್ಮಮ್ಮ ಶುರು ಮಾಡಿದ ಪದ್ಧತಿ ಇವತ್ತಿಗೂ ತಪ್ಪಿಲ್ಲ. ಚೌಡಿಗೆ ಮೊಸರು ಇಡೋದು.”

ಅಮ್ಮಮ್ಮ ಎಂದರೆ ಅವರ ಅಜ್ಜಿ, ದೊಡ್ಡಮನೆ ಅಜ್ಜನ ಹೆಂಡತಿ. ಚೌಡಿ ನಮ್ಮ ಸೀಮೆಯ ಕಾವಲು ದೇವತೆ. ಬೇಲಿಯ ಮೂಲೆಯಲ್ಲಿ, ಮರದ ಬುಡದಲ್ಲಿ ಒಂದು ಕಲ್ಲಾಗಿ ಕೂತಿರುತ್ತಾಳೆ. ಅವಳಿಗೆ ಕಾಯಿ ಒಡೆಯುವುದು ಗೊತ್ತು, ಕೆಲವರು ಕೋಳಿ ಕೊಡುವುದೂ ಗೊತ್ತು. ಮೊಸರು ಇಟ್ಟದ್ದನ್ನು ನಾನು ಕೇಳಿಯೇ ಇರಲಿಲ್ಲ. “ಚೌಡಿಗೆ ಮೊಸರಾ?” ಎಂದೆ.

“ಅದೇ ನಮ್ಮನೆ ವಿಶೇಷ. ಅಮ್ಮಮ್ಮನ ಹರಕೆಯಂತೆ. ಮೊದಲು ದಿನಾ ಇಡ್ತಿದ್ರಂತೆ. ಆಮೇಲೆ ನಮ್ಮಮ್ಮ ಇಟ್ರು, ಈಗ ನನ್ನ ಹೆಂಡ್ತಿ ಶುಕ್ರವಾರ ಶುಕ್ರವಾರ ಇಡ್ತಾಳೆ.”

ಪಕ್ಕದಲ್ಲಿ ಆಯಿ ಅನ್ನ ಕಲಸುವುದನ್ನು ಬಿಟ್ಟಿದ್ದಳು. ಮುಂದೆ ನಡೆದದ್ದನ್ನು ನಾನು ಕಿರಿಯ ವಕೀಲರಿಗೆಲ್ಲ ಹೇಳುತ್ತಿರುತ್ತೇನೆ. ಪಾಟೀಸವಾಲು ಎಂದರೆ ಹೀಗಿರಬೇಕು.

“ಎಲ್ಲಿ ಇಡ್ತಿ ಮಾಣಿ?”

“ಅದೇ, ನಿಮ್ಮ ಹಳೇ ಮನೆ ದಣಪೆ ಹತ್ರ ಹಲಸಿನ ಮರ ಇದ್ಯಲ್ಲ ಅತ್ತೆ. ಅದರ ಬುಡದಲ್ಲಿ.”

“ಎಷ್ಟೊತ್ತಿಗೆ?”

“ದೀಪ ಹಚ್ಚಿದ ಮೇಲೆ.”

“ದೀಪ ಹಚ್ಚಿದ ಮೇಲೆ ಮೊಸರು ಹೊರಗೆ ಕೊಡಲಾಗ ಹೇಳಿ ನಿಂಗಳ ಮನೇಲಿ ಇಲ್ಯಾ?”

“ಇದೆ ಇದೆ. ಆದ್ರೆ ಇದು ದೇವ್ರಿಗಲ್ವಾ? ದೇವ್ರಿಗೆ ಅದು ಬರಲ್ಲ ಅಂತಿದ್ರಂತೆ ಅಮ್ಮಮ್ಮ.”

“ಎಂತದ್ರಲ್ಲಿ ಇಡ್ತಿ?”

“ಚಿಪ್ಪಿನಲ್ಲಿ. ಪಾತ್ರೆ ಆಗಲ್ವಂತೆ, ತೆಂಗಿನ ಚಿಪ್ಪೇ ಆಗ್ಬೇಕಂತೆ.”

ಆಯಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಭುಜ ಕುಣಿಯುವ ಹಾಗೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡಳು.

“ಆ ಚೌಡಿ ನಾನೇ ಮಾಣಿ,” ಎಂದಳು.

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಆಯಿ ಹೇಳಿದಳು. ಅವರ ಅಮ್ಮಮ್ಮನನ್ನು ಅವಳು ದೊಡ್ಡಾಯಿ ಎಂದು ಕರೆಯುತ್ತಿದ್ದಳು. ಬಹಿಷ್ಕಾರ ಬಿದ್ದು ಸ್ವಲ್ಪ ದಿನವಾಗಿತ್ತು. ಒಂದು ಸಂಜೆ ನಮ್ಮ ಅಜ್ಜಿ ಬಾವಿಕಟ್ಟೆಯ ಹತ್ತಿರ ಇದ್ದಳು, ಆಯಿ ಅವಳ ಸೆರಗು ಹಿಡಿದು ಮೊಸರನ್ನ ಬೇಕೆಂದು ಅಳುತ್ತಿದ್ದಳು. ಬೇಲಿಯ ಆಚೆ ದೊಡ್ಡಾಯಿ ಬಂದಳು. ಇವರ ಕಡೆ ತಿರುಗಲೂ ಇಲ್ಲ. ಹಲಸಿನ ಬುಡದಲ್ಲಿ ಎಂಥದೋ ಒಂದು ಕಲ್ಲು ನೆಟ್ಟು, ಕುಂಕುಮ ಹಚ್ಚಿ, ಚಿಪ್ಪು ಇಟ್ಟು, ಮರಕ್ಕೆ ಹೇಳುವವಳ ಹಾಗೆ ಗಟ್ಟಿಯ ದನಿಯಲ್ಲಿ ಹೇಳಿದಳಂತೆ, “ಚೌಡವ್ವಾ, ದಿನಾ ಇಷ್ಟೊತ್ತಿಗೆ ಮೊಸರು ಇಡ್ತೆ. ನೀ ಉಂಡ್ರೂ ಆತು, ನಿನ್ನ ಮಕ್ಕೊ ಉಂಡ್ರೂ ಆತು. ಯಾರಿಗೂ ಹೇಳಲಾಗ.”

“ಅಷ್ಟು ಹೇಳಿ ತಿರುಗಿ ನೋಡ್ದೇ ಹೋತು,” ಎಂದಳು ಆಯಿ. “ಮೊಸರು ಒಳ್ಳೇ ಗಟ್ಟಿ ಇದ್ದಿತ್ತು ಮಾಣಿ. ಮುಂದೆ ಹಸು ಕರು ಹಾಕ್ದಾಗ ಅದರದ್ದೇ ಹೆಪ್ಪು ಎಂಗೊಗೆ. ನಾ ಮದುವೆ ಆಗಿ ಸಾಗರಕ್ಕೆ ಬಪ್ಪಾಗಲೂ ಅದನ್ನೇ ತಂದೆ.”

ಅಂದರೆ ನನ್ನ ಫ್ರಿಜ್ಜಿನಲ್ಲಿ ಇವತ್ತು ಇರುವ ಮೊಸರೂ ಆ ಚಿಪ್ಪಿನ ವಂಶದ್ದೇ! ದೊಡ್ಡಮನೆಯವರು ಮೂರು ತಲೆಮಾರಿನಿಂದ ಕೈಮುಗಿದುಕೊಂಡು ಬಂದದ್ದು, ಒಬ್ಬ ಹೆಂಗಸು ಗಂಡನ ಕಣ್ಣಿಗೆ ಮಣ್ಣೆರಚಲು ಹೂಡಿದ ಉಪಾಯಕ್ಕೆ. ಆ ಕಲ್ಲಿಗೆ ಎಷ್ಟು ಕುಂಕುಮ, ಎಷ್ಟು ಹೂವು! ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು.

ಅಧ್ಯಕ್ಷರ ಮುಖ ಬಿಳಿಚಿಕೊಂಡಿತ್ತು. ಆದರೂ ಪಾಠ ಹೇಳಿದ ನಾಲಿಗೆ ಸುಮ್ಮನಿರುತ್ತದೆಯೇ? “ಅಂದ್ರೆ ಅಮ್ಮಮ್ಮನಿಗೆ ಗೊತ್ತಿತ್ತು,” ಎಂದರು ನಿಧಾನವಾಗಿ. “ಅಜ್ಜನಿಗೆ ಗೊತ್ತಿರ್ಲಿಲ್ಲ ಅಂತಾಯ್ತು.”

“ಅವ್ಕೂ ಗೊತ್ತಿತ್ತು,” ಎಂದಳು ಆಯಿ.

ಒಂದು ಸಂಜೆ ಆಯಿ ಚಿಪ್ಪು ಎತ್ತಿಕೊಂಡು ಏಳುವಷ್ಟರಲ್ಲಿ ದೊಡ್ಡಮನೆ ಅಜ್ಜ ತೋಟದಿಂದ ದೊಣ್ಣೆ ಊರಿಕೊಂಡು ಬಂದರಂತೆ. ನಡುವೆ ನಾಲ್ಕು ಮಾರು ಅಂತರವೂ ಇಲ್ಲ. ಆಯಿ ನಿಂತಲ್ಲೇ ನಿಂತುಬಿಟ್ಟಳು. ಕೈಯಲ್ಲಿ ಚಿಪ್ಪು, ಗದ್ದಕ್ಕೆ ಮೊಸರು. ಅಜ್ಜ ಅವಳನ್ನು ನೋಡಿದರು, ಚಿಪ್ಪನ್ನು ನೋಡಿದರು, ಕಲ್ಲನ್ನು ನೋಡಿದರು. ಆಮೇಲೆ ತಲೆ ಮೇಲೆತ್ತಿ, ಕಾಯಿ ಬಿಡದ ಕಾಲದಲ್ಲಿ ಹಲಸಿನ ಮರವನ್ನು ಸುಮಾರು ಹೊತ್ತು ನೋಡಿದರು. ಕೆಮ್ಮಿದರು. “ಮಳೆ ಬಪ್ಪಂಗಿದ್ದು” ಎಂದು ತಮಗೆ ತಾವೇ ಹೇಳಿಕೊಂಡು ಹೋದರು. ಮರುದಿನವೂ ಮೊಸರು ಇತ್ತು.

“ಅದು ಅಧರ್ಮ ಹೇಳಿ ನಂಬಿದ್ದಿದ್ರೆ ಅವು ಚಿಪ್ಪು ಕಸಿದು ಎಸೀತಿದ್ದೊ,” ಎಂದಳು ಆಯಿ. “ಎಸೆದಿದ್ದಿಲ್ಲೆ. ಮರ ನೋಡ್ತಾ ನಿಂತೊ. ಊರ ಎದುರಿಗೆ ಮಾತ್ರ ತಪ್ಪು ಹೇಳಿ ಹೇಳಲ್ಲೆ ಆಯ್ದಿಲ್ಲೆ. ಆ ಕಾಲ, ಆ ಕಾಲ ಹೇಳ್ತಿ ನೀನು. ಆ ಕಾಲದಲ್ಲಿ ನಿನ್ನ ಅಮ್ಮಮ್ಮನೂ ಇತ್ತು, ನನ್ನ ಆಯಿಯೂ ಇತ್ತು, ನಾನೂ ಇದ್ದಿದ್ದೆ. ಎಂಗೊ ಎಲ್ಲ ಆ ಕಾಲದವು ಅಲ್ದ?”

ಆ ಕಾಲದ ಅಳತೆಯಿಂದಲೇ ಅಳೆಯಿರಿ ಎಂದು ಅವರು ಕೇಳಿದ್ದರು. ಅಳೆದು ಕೊಟ್ಟಾಯಿತು. ಆ ಕಾಲದ ಕ್ಷೌರದವನು ಕತ್ತಿ ಚೀಲಕ್ಕೆ ಹಾಕಿದ. ಆ ಕಾಲದ ಹೆಂಡತಿ ಚೌಡಿಯ ಹೆಸರಿನಲ್ಲಿ ಮೊಸರು ಇಟ್ಟಳು. ಆ ಕಾಲದ ಯಜಮಾನರೇ ಕತ್ತೆತ್ತಿ ಮರ ನೋಡಿದರು. ತಪ್ಪು ಎಂದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಅಜ್ಜಿಗೂ ಆ ಕ್ಷೌರದವನಿಗೂ ಮಾತ್ರ ಇತ್ತು. ಹೊಸ ಕಾನೂನು ಯಾರಿಗೂ ಬೇಕಾಗಲಿಲ್ಲ.

ಬಡಿಸುವವನು ಬಂದು “ಮೊಸರು?” ಎಂದ. ಅಧ್ಯಕ್ಷರು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರು, ಆಮೇಲೆ ಏನೆನ್ನಿಸಿತೋ ಕೈ ತೆಗೆದರು.

ವಾಪಸು ಬರುವಾಗ ರಿಪ್ಪನ್‌ಪೇಟೆ ದಾಟುವವರೆಗೂ ನನ್ನ ಬಾಯಿ ನಿಲ್ಲಲಿಲ್ಲ. ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ ಎಂದು ಜಗಳ ತೆಗೆದೆ. “ಹೇಳಲಾಗ ಹೇಳಿ ದೊಡ್ಡಾಯಿ ಹೇಳಿತ್ತಲೆ,” ಎಂದಳು. ಅವರು ಹೋಗಿ ಎಷ್ಟು ಕಾಲವಾಯಿತು ಎಂದೆ. “ಅವು ಹೋದ್ರೆ ಮಾತೂ ಹೋಗ್ತಾ?” ಎಂದಳು. ಹಾಗಾದರೆ ಇವತ್ತು ಯಾಕೆ ಹೇಳಿದೆ ಎಂದಾಗ ಕಿಟಕಿಯ ಕಡೆ ತಿರುಗಿಕೊಂಡಳು. “ದೊಡ್ಡಾಯಿ ಪುಣ್ಯ ಎಲ್ಲ ಒಯ್ದು ಆ ಚೌಡಿ ಕಲ್ಲಿಗೆ ಕೊಟ್ಟು ಕೂತಿದ್ದೊ. ಅದನ್ನ ಕೇಳಿ ಸುಮ್ಮನಿಪ್ಪಲೆ ಆಗ್ತಾ?”

ಎಂಟು ಹತ್ತು ದಿನ ಊರಿನಿಂದ ಸುದ್ದಿ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಕೆಲವರು ಗೊಣಗಿದರು. ಕಲ್ಲು ಕೆತ್ತಿ ಆಗಿದೆ, ಒಂದು ಪದಕ್ಕೆ ಇಷ್ಟು ರಾದ್ಧಾಂತವೇ, ಸತ್ತವರ ಮಾನ ಯಾಕೆ ತೆಗೆಯಬೇಕು ಎಂದೆಲ್ಲ. ನಾನು ಉತ್ತರ ಬರೆಯಲು ಹೊರಟರೆ ಆಯಿ ಫೋನ್ ಕಿತ್ತುಕೊಂಡಳು. ಕೊನೆಗೆ ಅಧ್ಯಕ್ಷರ ಫೋನ್ ಬಂತು. ಕಲ್ಲಿನ ಮುಖ ಮತ್ತೆ ತೀಡಿಸಿದ್ದಾರೆ, ಹೊಸದಾಗಿ ಕೆತ್ತಿಸಿದ್ದಾರೆ. “ಅತ್ತೆ ಶುಕ್ರವಾರ ಬರ್ಬೇಕು. ಬೇರೆ ಯಾರ ಕೈಲೂ ಪರದೆ ಎಳೆಸಲ್ಲ,” ಎಂದರು.

ಹೋದೆವು. ಆಯಿ ತನ್ನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅಜ್ಜಿಯ ನೆನಪಿಗೆ ಎಂದು ಜಡೆಗೆ ಸೇವಂತಿಗೆ ಮುಡಿಸು ಎಂದಳು, ಮುಡಿಸಿದೆ. ಪರದೆ ಎಳೆದಳು. ಕಲ್ಲಿನ ಮೇಲೆ ಮೊದಲು ದೊಡ್ಡಮನೆ ಅಜ್ಜನ ಹೆಸರು, ಹಳ್ಳಕ್ಕೆ ಸಂಕ ಕಟ್ಟಿಸಿದವರು, ಶಾಲೆಗೆ ಜಾಗ ಕೊಟ್ಟವರು ಎಂದು. ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ದೊಡ್ಡಾಯಿಯ ಹೆಸರು. ಬಹಿಷ್ಕಾರದ ಮನೆಯ ಮಗುವಿಗೆ ಮೊಸರು ಇಟ್ಟವರು ಎಂದು. ಅಲ್ಲಿ ಬೇರೆ ಯಾವ ಬಿರುದೂ ಇರಲಿಲ್ಲ.

ಅಧ್ಯಕ್ಷರು ಮೈಕ್ ಹಿಡಿದರು. ನಡೆದದ್ದೆಲ್ಲವನ್ನೂ ಹೇಳಿದರು, ಏನನ್ನೂ ಮುಚ್ಚಲಿಲ್ಲ. “ನಾನು ಎಷ್ಟೋ ವರ್ಷ ಮಕ್ಕಳಿಗೆ, ಹಿಂದಿನವರಿಗೆ ಗೊತ್ತಿರಲಿಲ್ಲ ಎಂದು ಪಾಠ ಮಾಡಿದೆ. ನಮ್ಮ ಮನೆಯಲ್ಲೇ ಇಬ್ಬರಿಗೆ ಗೊತ್ತಿತ್ತು. ಅದು ಇವತ್ತು ತಪ್ಪಾದದ್ದಲ್ಲ. ಆಗಲೂ ತಪ್ಪೇ ಆಗಿತ್ತು,” ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರು ತಲೆ ತಗ್ಗಿಸಿದರು. ಹಿಂದಿನಿಂದ ಯಾರೋ ಹೆಂಗಸು ಚಪ್ಪಾಳೆ ಶುರು ಮಾಡಿದಳು. ಆಮೇಲೆ ಹೆಂಗಸರ ಕಡೆಯಿಂದ ಬಂದ ಚಪ್ಪಾಳೆ ನಿಲ್ಲುವ ಹಾಗೇ ಕಾಣಲಿಲ್ಲ. ನಾನಂತೂ ಕೈ ಕೆಂಪಾಗುವವರೆಗೆ ತಟ್ಟಿದೆ.

ಸಂಜೆ ದೊಡ್ಡಮನೆಯ ಜಗಲಿಯಲ್ಲಿ ಕಾಫಿ. ಅಧ್ಯಕ್ಷರ ಹೆಂಡತಿ ಒಂದು ಚಿಪ್ಪು ಹಿಡಿದುಕೊಂಡು ಅನುಮಾನದಲ್ಲಿ ನಿಂತಿದ್ದರು. “ಅತ್ತೆ, ಇವತ್ತು ಶುಕ್ರವಾರ. ಇನ್ನು ಇಡೋದಾ, ಬಿಡೋದಾ?”

“ಎಂತಕ್ಕೆ ಬಿಡ್ತೆ? ಇಡು,” ಎಂದಳು ಆಯಿ. “ಇಟ್ಟಿಕ್ಕಿ ಒಳಗೆ ಹೋಗು. ನಾ ಬತ್ತೆ.”

ದೀಪ ಹಚ್ಚಿದರು. ದೊಡ್ಡಮನೆಯ ಪಕ್ಕದಲ್ಲೇ ಇರುವ ನಮ್ಮ ಹಳೆಯ ದಣಪೆಯ ಜಾಗದಲ್ಲಿ ಈಗ ಕಬ್ಬಿಣದ ಗೇಟು ಬಂದಿದೆ, ಹಲಸಿನ ಮರ ಹಾಗೇ ಇದೆ. ಬುಡದಲ್ಲಿ ಕುಂಕುಮ ಮೆತ್ತಿದ ಆ ಕಲ್ಲು, ಅದರ ಮುಂದೆ ಚಿಪ್ಪು. ನನ್ನ ತೋಳು ಹಿಡಿದು ನಡೆದ ಆಯಿ ಮರ ಹತ್ತಿರವಾದಾಗ ತೋಳು ಬಿಟ್ಟಳು. ದೊಡ್ಡಮನೆಯ ಜಗಲಿಯ ತುಂಬ ಊರಿನವರು ನಿಂತು ನೋಡುತ್ತಿದ್ದರು. ಬೇಲಿ ಹಿಡಿದು ನಿಧಾನವಾಗಿ ಬಗ್ಗಿದಳು, ಚಿಪ್ಪು ಎತ್ತಿಕೊಂಡಳು, ನೆಟ್ಟಗೆ ನಿಂತಳು.

“ದೊಡ್ಡಾಯೀ!” ಎಂದು ಕೂಗಿದಳು. ಅಷ್ಟು ಗಟ್ಟಿ ದನಿ ಅವಳಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. “ಮೊಸರು ತಗಂಡೇ!”

ಒಳಗಿನಿಂದ ಅಧ್ಯಕ್ಷರ ಹೆಂಡತಿಯ ದನಿ ಬಂತು, “ಹ್ಞೂಂ, ತಗಂಡು ಹೋಗಿ!”

ಆಯಿ ಅಲ್ಲೇ ನಿಂತು ಬೆರಳಿನಲ್ಲಿ ಎರಡು ಸಲ ಮೊಸರು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ನನ್ನ ಕೈಗೆ ಕೊಟ್ಟು, ಚೆಲ್ಲಬೇಡ, ಹೆಪ್ಪಿಗೆ ಬೇಕು ಎಂದಳು.